ಹೈಡನ್ ಆದಮೇಲೆ ಬೆಥೋವನ್: ‘ಎರೋಯಿಕಾ’ದಿಂದ ಶುರು ಮಾಡಿ

‘ಪಾಶ್ಚಾತ್ಯ ಸಂಗೀತಕಾರ ಹೈಡನ್ ಲಂಡನ್‌ಗಾಗಿ ಬರೆದ ಸಿಂಫನಿಗಳನ್ನು (ಇಡೀ ಆರ್ಕೆಸ್ಟ್ರಾ, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಹಲವು ಭಾಗಗಳ ಕೃತಿಗಳನ್ನು) ಕೇಳಿದ್ದೀನಿ; ಅವನ ನಂತರದ ಬೆಥೋವನ್ ನಿಜಕ್ಕೂ ಬದಲಾಯಿಸಿದ್ದೇನು, ಅದು ಕಿವಿಗೆ ಎಲ್ಲಿ ಸಿಗುತ್ತೆ?’ ಅಂತ ಕೇಳಿದ್ದೀರಿ. ಬೆಥೋವನ್‌ನ ಮೂರನೇ ಸಿಂಫನಿ ‘ಎರೋಯಿಕಾ’ದ ಮೊದಲ ಭಾಗ ಕೇಳಿ.

ಆರಂಭಕ್ಕೆ ಇಡೀ ಆರ್ಕೆಸ್ಟ್ರಾದಿಂದ ಎರಡೇ ಪೆಟ್ಟು. ಆಮೇಲೆ ಚೆಲ್ಲೋಗಳು (ದಪ್ಪ ದನಿಯ ದೊಡ್ಡ ಪಿಟೀಲಿನಂಥ ವಾದ್ಯಗಳು) ತೀರಾ ಸರಳವಾದ ಧಾಟಿಯೊಂದನ್ನು ಎತ್ತಿಕೊಳ್ಳುತ್ತವೆ. ಕೆಲವೇ ಕ್ಷಣಗಳಲ್ಲಿ ಅದು ಆ ಶ್ರುತಿಗೆ ಸೇರದ ಒಂದು ಸ್ವರಕ್ಕೆ ಜಾರುತ್ತದೆ. ಆ ಸ್ವರವನ್ನು ನೆನಪಿಟ್ಟುಕೊಳ್ಳಿ. ಮೊದಲ ಸಲ ಅದು ಮೇಲಕ್ಕೆ ಹತ್ತಿ ಮನೆಯಂಥ ಮೂಲ ಶ್ರುತಿಯನ್ನು ಸೇರುತ್ತದೆ. ಎಷ್ಟೋ ಹೊತ್ತಿನ ನಂತರ ಧಾಟಿ ಮರಳಿ ಬಂದಾಗ ಅದೇ ಸ್ವರ ಕೆಳಕ್ಕಿಳಿದು ಬೇರೆಯೇ ಬಾಗಿಲು ತೆರೆಯುತ್ತದೆ, ಅಲ್ಲಿ ಹಾರ್ನ್ ಎಂಬ ಕೊಂಬುವಾದ್ಯ ಒಂಟಿಯಾಗಿ ಹಾಡುತ್ತದೆ. ನನಗೆ ಪ್ರತಿ ಸಲವೂ ಅಲ್ಲಿ ಮೈ ಜುಮ್ಮೆನ್ನುತ್ತದೆ.

ಇಂಥ ಧಾಟಿಯ ಸಣ್ಣ ಬೀಜವೊಂದನ್ನು ಹೈಡನ್ ಕೂಡ ಅದ್ಭುತವಾಗಿ ಬೆಳೆಸುತ್ತಿದ್ದ, ಆ ವಿದ್ಯೆ ಅವನದೇ. ಬೆಥೋವನ್ ಅದನ್ನು ಎಷ್ಟೋ ದೊಡ್ಡ ಹರಹಿಗೆ ಹಿಗ್ಗಿಸಿದ: ಹೈಡನ್‌ನ ಸಿಂಫನಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ; ‘ಎರೋಯಿಕಾ’ ಇಡಿಯಾಗಿ ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತದೆ. 1805ರ ಏಪ್ರಿಲ್‌ನಲ್ಲಿ ವಿಯೆನ್ನಾದ ಸಾರ್ವಜನಿಕರು ಮೊದಲು ಕೇಳಿದಾಗ ಕೆಲವರಿಗೆ ಇದು ವಿಪರೀತ ಉದ್ದ ಅನ್ನಿಸಿತ್ತು. ಬೆಥೋವನ್ ಈ ಕೃತಿಯ ಮುಖಪುಟದಿಂದ ನೆಪೋಲಿಯನ್ ಹೆಸರನ್ನು ಗೀಚಿ ಅಳಿಸಿದ ಕಥೆಯನ್ನು ಆಮೇಲೆ ಓದಿಕೊಳ್ಳಿ. ಮೊದಲು ಚೆಲ್ಲೋಗಳ ಆ ಒಂದು ಸ್ವರಕ್ಕಾಗಿ ಎರಡು ಸಲ ಕೇಳಿ.