ಪುನರ್ವಸು ಮಳೆಗೆ ನಿಂತುಹೋದ ವರದಿಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹೊಸನಗರ ತಾಲ್ಲೂಕಿನ ಯುವತಿ. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಸಣ್ಣ ಉದ್ಯಮ. ಜೂನ್‌ನಿಂದ ಆಗಸ್ಟ್‌ವರೆಗಿನ ಸ್ಟಾರ್ಟ್‌ಅಪ್ ತರಬೇತಿಗೆ ಆಯ್ಕೆಯಾಗಿದ್ದರು. ಮನೆಯಿಂದಲೇ ಆನ್‌ಲೈನ್ ಹಾಜರಿ, ವಾರಕ್ಕೊಂದು ಪ್ರಗತಿ ವರದಿ. ಪುನರ್ವಸು ಮಳೆ ಹಿಡಿಯುವ ಹೊತ್ತಿಗೆ ವರದಿ ಬರೆಯುವುದೇ ನಿಂತಿತ್ತು.

"ನಾನು ಸೋಮಾರಿಯಾಗಿಬಿಟ್ಟಿದ್ದೇನೆ ಮೇಡಂ. ಎಷ್ಟು ಮಲಗಿದರೂ ಏಳಲು ಮನಸ್ಸಾಗುವುದಿಲ್ಲ. ಜೊತೆಯವರೆಲ್ಲ ಮುಂದೆ ಹೋದರು" ಎಂದು, ಸಲಹೆ ಕೇಳಲು ನನ್ನ ಬಳಿ ಬಂದವರು ಅತ್ತರು.

ಆ 'ಸೋಮಾರಿ'ಯನ್ನು ನಾನು ಒಪ್ಪಲಿಲ್ಲ. ಕೆಲಸ ಎಲ್ಲಿ ನಿಂತಿತು ಎಂದು ಒಂದೊಂದಾಗಿ ಕೇಳಿದೆ. ಹಾಳೆ ಆರಿಸಿ ಒಣಗಿಸುವುದು ಬೇಸಿಗೆಯಲ್ಲಿ. ಮಳೆಗೆ ಸಿಕ್ಕಿದ ಹಾಳೆಗೆ ಬೂಷ್ಟು ಹಿಡಿಯುತ್ತದೆ. ಕರೆಂಟ್ ಹೋದರೆ ಅಚ್ಚಿನ ಯಂತ್ರ ಬಿಸಿಯಾಗದು, ಅದರ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ಇಷ್ಟರಲ್ಲಿ ಅವರ ತಪ್ಪು ಯಾವುದು?

ಇನ್ನುಳಿದದ್ದು ದೇಹದ ಮಾತು. ನಮ್ಮೊಳಗಿನ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು. ಉತ್ತರದ ಶೀತದೇಶಗಳ ಚಳಿಗಾಲದ ಖಿನ್ನತೆಯನ್ನು 1984ರಲ್ಲಿ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ವಿವರಿಸಿ, 'ಸೀಸನಲ್ ಅಫೆಕ್ಟಿವ್ ಡಿಸಾರ್ಡರ್' (ಋತುಮಾನದ ಖಿನ್ನತೆ) ಎಂದು ಹೆಸರಿಟ್ಟರು. ಆ ಹೆಸರನ್ನು ನಮ್ಮ ಮಳೆಗಾಲಕ್ಕೆ ಹಾಗೆಯೇ ಅಂಟಿಸಲಾರೆ. ಆದರೂ ತಗ್ಗು ಸೂರಿನ ಮನೆಯೊಳಗಿನ ದೀಪಕ್ಕಿಂತ ಮೋಡದ ಆಕಾಶದ ಬೆಳಕು ಎಷ್ಟೋ ಪಾಲು ಹೆಚ್ಚು. ಎದ್ದ ಕೂಡಲೇ ಅರ್ಧ ಗಂಟೆ ಕೊಡೆ ಹಿಡಿದು ತೋಟದ ದಾರಿಯಲ್ಲಿ ನಡೆಯಿರಿ ಎಂದೆ. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಗೂ ಕಳಿಸಿದೆ. ಎರಡು ವಾರ ಬೇಸರ ಬಿಡದಿದ್ದರೆ ಮನೋವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು ಎಂದು ಬರೆದುಕೊಟ್ಟೆ.

"ಅಮೆರಿಕದ ವೈ ಕಾಂಬಿನೇಟರ್ ಕೂಡ ಜೂನ್‌ನಲ್ಲೇ ಶುರುವಾಗುತ್ತದಲ್ಲ?" ಎಂದರು. ಹೊಸ ಉದ್ಯಮಗಳಿಗೆ ಬಂಡವಾಳ, ತರಬೇತಿ ಕೊಡುವ ಸಂಸ್ಥೆ ಅದು. ಹೌದು, ಅದರ 2005ರ ಮೊದಲ ತಂಡ ಅಲ್ಲಿಯ ಬೇಸಿಗೆಯದೇ. ಮರುವರ್ಷದಿಂದ ಜನವರಿಯ ತಂಡವೂ ಬಂತು. ಕಡತಗಳನ್ನು ಆನ್‌ಲೈನ್‌ನಲ್ಲಿ ಇಡುವ ಡ್ರಾಪ್‌ಬಾಕ್ಸ್ 2007ರ ಬೇಸಿಗೆಯದು, ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ 2009ರ ಚಳಿಗಾಲದ್ದು. ಗೆಲುವಿಗೆ ಇಂಥದೇ ತಿಂಗಳು ಎಂದಿಲ್ಲ. ಅಲ್ಲಿಯ ಜೂನ್ ಬಿಸಿಲಿನದು. ಡ್ರಾಪ್‌ಬಾಕ್ಸ್‌ಗೆ ಒಣಗಿಸಬೇಕಾದ ಹಾಳೆಯೂ ಇರಲಿಲ್ಲ.

ನನ್ನ ಸಲಹೆ ಇಷ್ಟು: ಮಳೆಯ ಮೂರು ತಿಂಗಳಿಗೆ ತಟ್ಟೆಯ ಲೆಕ್ಕ ಬೇಡ, ಗ್ರಾಹಕರೊಂದಿಗೆ ಮಾತುಕತೆ, ಬೆಲೆ ನಿಗದಿ, ಲೆಕ್ಕಪತ್ರಗಳೇ ಗುರಿಯಾಗಲಿ ಎಂದು ಕಾರ್ಯಕ್ರಮದವರಿಗೆ ಕಾರಣ ಸಹಿತ ಪತ್ರ ಬರೆಯಿರಿ. ಒಪ್ಪದಿದ್ದರೆ ಅವರದೇ ಜನವರಿ ತಂಡಕ್ಕೆ ಬದಲಿಸಲು ಕೇಳಿ. ಮುಂದಿನ ವರ್ಷ, ಅಮ್ಮ ಮಳೆಗಾಲಕ್ಕೆ ಸೌದೆ ಕೂಡಿಡುವ ಹಾಗೆ, ಒಣಹಾಳೆಯನ್ನು ಮೇ ತಿಂಗಳೊಳಗೆ ಅಟ್ಟಕ್ಕೇರಿಸಿ.

ಗುರಿ ಬದಲಿಸಲು ಕಾರ್ಯಕ್ರಮದವರು ಒಪ್ಪಿದರು. ಬೆಳಗಿನ ಆಯಾಸ ಇನ್ನೂ ಪೂರ್ತಿ ಹೋಗಿಲ್ಲ. ಥೈರಾಯ್ಡ್ ವರದಿ ಬಂದ ಮೇಲೆ ಮತ್ತೆ ಭೇಟಿ.