ಪ್ರತಿಕ್ರಿಯೆ: ಅಮ್ಮನ ಬಣ್ಣದ ಸೀರೆ ಮತ್ತು 1 ತಿಮೊಥೆಯ 5:6

ವಿಧವೆಯಾದ ಅಮ್ಮನ ಈಗಿನ ಬದುಕು ತಪ್ಪೆಂದು ಚಿಕ್ಕಪ್ಪ ಬೈಬಲಿನ ಹೊಸ ಒಡಂಬಡಿಕೆಯ 1 ತಿಮೊಥೆಯ ಪತ್ರಿಕೆಯ 5:6 ತೋರಿಸುತ್ತಾರೆ ಎಂದು ಬರೆದಿದ್ದೀರಿ. ಅವರು ಆ ಒಂದೇ ವಚನವನ್ನು ಅಧ್ಯಾಯದಿಂದ ಕಿತ್ತು ಓದುತ್ತಿದ್ದಾರೆ, ತೊಂದರೆ ಇರುವುದು ಅಲ್ಲೇ. ಭೋಗದಲ್ಲಿ ಮುಳುಗಿದ ವಿಧವೆ ಬದುಕಿದ್ದೂ ಸತ್ತವಳು ಎಂಬ ಮಾತನ್ನು, ತಂದೆಯವರು ತೀರಿಕೊಂಡ ಮೇಲೆ ಅಮ್ಮ ಬಣ್ಣದ ಸೀರೆ ಉಟ್ಟಿದ್ದಕ್ಕೆ, ಪ್ರವಾಸ ಹೋಗಿದ್ದಕ್ಕೆ ಅಂಟಿಸುವುದು ಅನ್ಯಾಯ. ನಮ್ಮ ಸಭೆಯ (ಚರ್ಚಿನ) ಬೈಬಲ್ ಅಧ್ಯಯನದಲ್ಲೂ ಇದೇ ಜಗಳ ಎದ್ದಿತ್ತು. ಈ ಕ್ರಮದಲ್ಲಿ ಓದಿದಾಗ ತಣ್ಣಗಾಯಿತು.

ಮೊದಲು ಚಿಕ್ಕಪ್ಪನ ಜೊತೆ ಕೂತು 5ನೇ ಅಧ್ಯಾಯದ 3ರಿಂದ 8ರವರೆಗೆ ಗಟ್ಟಿಯಾಗಿ ಓದಿ. ಯಾವ ವಿಧವೆಯರನ್ನು ಸಭೆ ಪೋಷಿಸಬೇಕು ಎಂಬ ವಿಷಯ ಅದು. 5ರಲ್ಲಿ ದಿಕ್ಕಿಲ್ಲದೆ ದೇವರನ್ನೇ ನಂಬಿ ಹಗಲಿರುಳು ಪ್ರಾರ್ಥಿಸುವವಳು. 6ರಲ್ಲಿ ಅವಳಿಗೆ ಎದುರಾಗಿ, ಸುಖವನ್ನೇ ನೆಚ್ಚಿ ಒಳಗೆ ಬರಿದಾದವಳು. ಉಡುಪಿನ ಬಣ್ಣದ ಮಾತೇ ಅಲ್ಲಿಲ್ಲ. 8ನೇ ವಚನದಲ್ಲಿ ಸ್ವಲ್ಪ ನಿಧಾನಿಸಿ: ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕೆಟ್ಟವನು. ನನ್ನ ಮಟ್ಟಿಗೆ ಈ ಭಾಗದ ಅತಿ ಕಠಿಣ ಮಾತು ಬಂಧುಗಳಿಗೆ, ವಿಧವೆಗಲ್ಲ.

ಆಮೇಲೆ ಹೊಸ ಒಡಂಬಡಿಕೆಯದೇ ಯಾಕೋಬನ ಪತ್ರಿಕೆ, 5:4-5. ಕೂಲಿಯವರ ಸಂಬಳ ಹಿಡಿದುಕೊಂಡು ಭೋಗದಲ್ಲಿ ಬದುಕಿದ ಐಶ್ವರ್ಯವಂತರಿಗೂ ಇಂಥದೇ ಗದರಿಕೆ. ಕೊನೆಗೆ 1 ತಿಮೊಥೆಯ 6:17. ದೇವರು ನಮ್ಮ ಅನುಭೋಗಕ್ಕಾಗಿ ಎಲ್ಲವನ್ನೂ ಧಾರಾಳವಾಗಿ ಕೊಡುತ್ತಾನೆ ಎಂದು ಅದೇ ಪತ್ರಿಕೆ ಹೇಳುತ್ತದೆ.

1 ತಿಮೊಥೆಯ 5:9ರಲ್ಲಿರುವ, 60 ವರ್ಷಕ್ಕೆ ಕಡಿಮೆಯಿಲ್ಲದ ವಿಧವೆಯರ ಪಟ್ಟಿ ಸಹಾಯ ಪಡೆಯುವವರದೋ ಸೇವೆ ಮಾಡುವವರದೋ ಎಂಬುದರಲ್ಲಿ ವ್ಯಾಖ್ಯಾನಕಾರರಿಗೇ ಒಮ್ಮತವಿಲ್ಲ. ಆ ವಾದಕ್ಕೆ ಇಳಿಯಬೇಡಿ. ಚಿಕ್ಕಪ್ಪ ಒಪ್ಪದಿದ್ದರೆ ಸಭಾಪಾಲಕರನ್ನು ಮನೆಗೆ ಕರೆಸಿ, ಅಮ್ಮನ ಎದುರಿಗೇ ಇದೇ ಕ್ರಮದಲ್ಲಿ ಓದಿಸಿ.