ಕಂಪನಿ ಆಮೇಲೆ, ಮೊದಲು ಗುಡ್ಡೆ ನೋಡಿ

ಕಾಸರಗೋಡಿನ ಪೆರ್ಲದ ಹತ್ತಿರ ತೋಟದ ಮನೆ ಬಾಡಿಗೆಗೆ ಹಿಡಿದು ಅಲ್ಲಿಂದಲೇ ಬೆಂಗಳೂರಿನ ಕೆಲಸ ಮಾಡಬೇಕು ಅಂತಿದ್ದೀರಿ. ಕೇಬಲಿನವರ ಲೈನ್ ಮನೆವರೆಗೆ ಬಂದಿಲ್ಲ, ಯಾವ ಕಂಪನಿಯ ಇಂಟರ್ನೆಟ್ ಒಳ್ಳೆಯದು ಅಂತ ಕೇಳಿದ್ದೀರಿ. ಒಂದು ಹೆಸರು ಹೇಳಿ ಮುಗಿಸಬಹುದಿತ್ತು, ಆದರೆ ಅದು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಒಂದು ಮನೆಯಲ್ಲಿ ಚೆನ್ನಾಗಿ ಸಿಗುವ ಕಂಪನಿ ಅದೇ ತೋಟದ ಆಚೆ ಬದಿಯ ಮನೆಯಲ್ಲಿ ಫೋನ್ ಮಾಡುವುದಕ್ಕೂ ಸಿಗುವುದಿಲ್ಲ.

ಅದಕ್ಕೆ ಕಾರಣ ನೆಲ. ಬದಿಯಡ್ಕ, ಎಣ್ಮಕಜೆ, ಮುಳ್ಳೇರಿಯ, ದೇಲಂಪಾಡಿ, ಹೀಗೆ ಕಾಸರಗೋಡಿನ ಒಳಗಿನ ಊರುಗಳೆಲ್ಲ ಮುರಕಲ್ಲಿನ ಗುಡ್ಡೆಗಳು. ಗುಡ್ಡೆಯ ನೆತ್ತಿ ಬೋಳು. ನೀರಿರುವುದು ಕೆಳಗೆ. ಅಡಿಕೆ ತೋಟವೂ ಅಲ್ಲೇ, ಮನೆಯೂ ಅಲ್ಲೇ. ಹಿರಿಯರು ನೀರು ನೋಡಿ ಮನೆ ಕಟ್ಟಿದರು. ಟವರಿನವರು ರಸ್ತೆ ಮತ್ತು ಪೇಟೆ ನೋಡಿ ಟವರ್ ಹಾಕಿದರು. ನಡುವೆ ಗುಡ್ಡೆ ನಿಂತಿದೆ. 2020ರಲ್ಲಿ ಶಾಲೆ ಮುಚ್ಚಿದಾಗ ಗಡಿಯ ಎರಡೂ ಬದಿಯ ಮಕ್ಕಳು ಗುಡ್ಡೆ ಹತ್ತಿ, ಟಾರ್ಪಾಲು ಕಟ್ಟಿ, ಮಳೆಯಲ್ಲಿ ಪಾಠ ಕೇಳಿದ್ದು ಇದೇ ಕಾರಣಕ್ಕೆ. ಇಂಟರ್ನೆಟ್ ನಮಗೆ ಎಷ್ಟು ಮುಖ್ಯ ಅನ್ನುವುದನ್ನು ಆ ಮಳೆಗಾಲ ಇಡೀ ಊರಿಗೆ ತಿಳಿಸಿತು.

ಇನ್ನೊಂದು ಕಾರಣ ಗಡಿ. 1956ರಿಂದ ನಾವು ಕೇರಳದಲ್ಲಿದ್ದೇವೆ. ರೇಷನ್ ಕಾರ್ಡು, ಪಂಚಾಯತು, ಕರೆಂಟ್ ಬಿಲ್ಲು ಎಲ್ಲ ಈಚೆ. ಮದುವೆಯ ಬಟ್ಟೆ, ಆಸ್ಪತ್ರೆ, ಅಡಿಕೆ ಮಾರಾಟ, ನೆಂಟರು ಮುಕ್ಕಾಲು ಪಾಲು ಆಚೆ, ಪುತ್ತೂರು ಸುಳ್ಯದ ಕಡೆ. ಮೊಬೈಲ್ ಕಂಪನಿಗಳಿಗೂ ಕೇರಳ ಒಂದು ಸರ್ಕಲ್, ಕರ್ನಾಟಕ ಇನ್ನೊಂದು. ಆದರೆ ಟವರಿನ ರೇಂಜಿಗೆ ಗಡಿ ಗೊತ್ತಿಲ್ಲ. ಗಡಿಯ ಹತ್ತಿರದ ಸ್ವರ್ಗ ಅನ್ನುವ ಊರಿನ ಕಡೆ ಮನೆಯಾದರೆ ಕರ್ನಾಟಕದ ಪಾಣಾಜೆ ಬದಿಯ ಟವರ್ ಹಿಡಿಯಬಹುದು, ಅಡುಗೆ ಕೋಣೆಗೆ ಹೋದರೆ ಕೇರಳದ್ದು ಬರಬಹುದು. ಈಗ ರೋಮಿಂಗಿಗೆ ಸಾಮಾನ್ಯವಾಗಿ ಬೇರೆ ದುಡ್ಡು ಕೊಡಬೇಕಾಗಿಲ್ಲ. ಹಾಗಾಗಿ ಎರಡು ರಾಜ್ಯದ ಟವರು ಸಿಗುವುದು ನಮಗೆ ಲಾಭವೇ. ಕರ್ನಾಟಕದ ಸಿಮ್ ಇಟ್ಟುಕೊಂಡರೆ ಸಹಾಯವಾಣಿಯಲ್ಲಿ ಕನ್ನಡ ಸಿಗುತ್ತದೆ. ಮಲಯಾಳ ಬಾರದ ನಮ್ಮ ಅಜ್ಜ ಅಜ್ಜಿಯಂದಿರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಮಾಡಿನ ಮೇಲೆ ಪೆಟ್ಟಿಗೆ ಕೂರಿಸಿ ಕೊಡುವ ಏರ್‌ಫೈಬರ್ ತರದ ಸೇವೆ ಬೇಕಾದರೆ ಅದು ಮನೆಯ ವಿಳಾಸ ನೋಡಿ ಸಿಗುವಂಥದ್ದು. ನಿಮ್ಮ ಪಿನ್‌ಕೋಡ್ 671ರಿಂದ ಶುರುವಾಗುತ್ತದೆ, ಕೇರಳದವರನ್ನೇ ಕೇಳಬೇಕು.

ಹಾಗಾದರೆ ನೋಡುವುದು ಹೇಗೆ? ಎರಡು ಮೂರು ಕಂಪನಿಯ ಸಿಮ್ ಇರುವ ಫೋನುಗಳನ್ನು ಹಿಡಿದು ಮನೆ ಸುತ್ತ ನಡೆಯಿರಿ. ಜಗಲಿ, ಅಟ್ಟ, ಅಂಗಳದ ಮೂಲೆ, ಟ್ಯಾಂಕಿನ ಮೇಲೆ, ಎಲ್ಲ ಕಡೆ. ಅಂಗಳಕ್ಕೆ ತಗಡಿನ ಶೀಟ್ ಹಾಕಿದ ಮನೆಯಾದರೆ ಅದರ ಅಡಿಯಲ್ಲಿ ನಿಂತು ನಿರ್ಧಾರ ಮಾಡಬೇಡಿ, ತಗಡು ರೇಂಜನ್ನು ತಡೆಯುತ್ತದೆ. ಫೋನಿನ ಕಡ್ಡಿ ಲೆಕ್ಕವನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ *#*#4636#*#* ಒತ್ತಿದರೆ ಒಂದು ಪುಟ ತೆರೆಯುತ್ತದೆ. ಕೆಲವು ಫೋನಿನಲ್ಲಿ ತೆರೆಯುವುದಿಲ್ಲ, ಆಗ ಸಿಗ್ನಲ್ ತೋರಿಸುವ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಆರ್‌ಎಸ್‌ಆರ್‌ಪಿ ಅಂತ ರೇಂಜಿನ ಬಲ ತೋರಿಸುವ ಒಂದು ಸಂಖ್ಯೆ ಇರುತ್ತದೆ. ಮೈನಸ್ ಆದ ಮೇಲಿನ ಅಂಕಿ ದೊಡ್ಡದಾದಷ್ಟೂ ರೇಂಜ್ ಕಡಿಮೆ. ಮೈನಸ್ 85 ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 100 ದಾಟಿದರೆ ಹೊರಗೆ ಆ್ಯಂಟೆನಾ ಬೇಕು. ಮೈನಸ್ 115 ಬಂದರೆ ಆ ಕಂಪನಿಯ ಆಸೆ ಬಿಡಿ. ಟವರ್ ಯಾವ ರಾಜ್ಯದ್ದು ಅನ್ನುವುದೂ ಕಂಪನಿಯ ಗುರುತು ಸಂಖ್ಯೆಯಿಂದ (MCC, MNC) ಅಲ್ಲೇ ತಿಳಿಯುತ್ತದೆ. ಬಿಎಸ್‌ಎನ್‌ಎಲ್ ಆದರೆ 404 71 ಕರ್ನಾಟಕ, 404 72 ಕೇರಳ. ಏರ್‌ಟೆಲ್ ಆದರೆ 404 45 ಕರ್ನಾಟಕ, 404 95 ಕೇರಳ.

ಇದನ್ನೆಲ್ಲ ಜನವರಿಯಲ್ಲಿ ನೋಡಿ ಮನೆ ಹಿಡಿಯಬೇಡಿ, ದಯವಿಟ್ಟು. ಆಟಿ ತಿಂಗಳಲ್ಲಿ ಬನ್ನಿ. ಜುಲೈ ಆಗಸ್ಟಿನಲ್ಲಿ ಇಲ್ಲಿನ ಮಳೆ ಬಿಡುವು ಕೊಡುವುದಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುವ ಜಾಗ ಇದು. ಒದ್ದೆ ಸೋಗೆ, ಒದ್ದೆ ರಬ್ಬರ್ ಎಲೆ ಸಿಗ್ನಲನ್ನು ಹೀರುತ್ತವೆ. ಬೇಸಿಗೆಯಲ್ಲಿ ಜೋರಾಗಿ ಓಡಿದ್ದು ಆಗ ತೆವಳುತ್ತದೆ.

ಸಾಮಾನಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಗೆ 5ಜಿ ಸರಿಯಾಗಿ ಬೀಳುತ್ತಿದ್ದರೆ ಏರ್‌ಫೈಬರ್ ತಗೊಳ್ಳಿ, ಯೋಚನೆ ಬೇಡ. ಆದರೆ ಕಣಿವೆಯ ಮನೆಗಳಿಗೆ ಆ ಭಾಗ್ಯ ಕಡಿಮೆ. ಅಲ್ಲಿ ನಡೆಯುವುದು ಸಿಮ್ ಹಾಕುವ 4ಜಿ ರೌಟರ್ ಮತ್ತು ಉದ್ದ ಜಿಐ ಪೈಪಿನ ತುದಿಯಲ್ಲಿ ಟವರಿನ ಕಡೆಗೆ ತಿರುಗಿಸಿದ ಆ್ಯಂಟೆನಾ. ಹೊರಗಿನ ಆ್ಯಂಟೆನಾಕ್ಕೆ ಜಾಗ ಇರುವ ರೌಟರನ್ನೇ ಕೊಳ್ಳಿ. ಟವರಿನ ಸಿಗ್ನಲುಗಳಲ್ಲಿ 700, 850, 900 ಮೆಗಾಹರ್ಟ್ಸಿನವು ಗುಡ್ಡೆ ಮರ ಸುತ್ತಿ ದೂರ ಬರುತ್ತವೆ. 1800, 2300ರಲ್ಲಿ ವೇಗ ಜಾಸ್ತಿ, ಆದರೆ ಗುಡ್ಡೆ ಅಡ್ಡ ಬಂದರೆ ಬೇಗ ಸೋಲುತ್ತವೆ. ಬಿಎಸ್‌ಎನ್‌ಎಲ್‌ನ ಹೊಸ 4ಜಿ 700ರಲ್ಲೂ ಬರುತ್ತದೆ. ಅದನ್ನು ಹಿಡಿಯಲು ರೌಟರಿನಲ್ಲಿ ಬ್ಯಾಂಡ್ 28 ಇರಬೇಕು. ಆ್ಯಂಟೆನಾದಿಂದ ರೌಟರಿಗೆ ಬರುವ ಕೇಬಲ್ ಆದಷ್ಟು ಗಿಡ್ಡ ಇರಲಿ. ಡಿಶ್ ಟಿವಿಯ ಕೇಬಲ್ ಉಳಿದಿದೆ ಅಂತ ಅದನ್ನೇ ಹಾಕಬೇಡಿ, ಅದು ಬೇರೆ ಜಾತಿಯದ್ದು. ಪೇಟೆಯಲ್ಲಿ, ಆನ್‌ಲೈನಿನಲ್ಲಿ ಬೂಸ್ಟರ್ ಅಂತ ಮಾರುತ್ತಾರಲ್ಲ, ಅದರ ಹತ್ತಿರವೂ ಹೋಗಬೇಡಿ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ, ಮೇಲಾಗಿ ಸುತ್ತಲಿನವರ ರೇಂಜೂ ಕೆಡುತ್ತದೆ.

ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವಿಡಿಯೋ ಮೀಟಿಂಗಿಗೆ ಮೂರು ನಾಲ್ಕು ಎಂಬಿಪಿಎಸ್ ಬಿಡದೆ ಸಿಕ್ಕಿದರೆ ಸಾಕು. ಅಪ್‌ಲೋಡ್ ಎಷ್ಟು ಅಂತ ಬೇರೆಯಾಗಿ ನೋಡಿ, ಕಣಿವೆಯಲ್ಲಿ ಮೊದಲು ಸಾಯುವುದು ಅದೇ. ದಿನಕ್ಕೆ ಇಷ್ಟು ಜಿಬಿ ಅಂತ ಮಿತಿ ಇರುವ ಪ್ಲಾನ್ ಆಫೀಸಿನ ಕೆಲಸಕ್ಕೆ ಸಾಲುವುದಿಲ್ಲ.

ಉಪಗ್ರಹದ ಇಂಟರ್ನೆಟ್ ಬಗ್ಗೆಯೂ ಕೇಳಿದ್ದೀರಿ. ಸ್ಟಾರ್‌ಲಿಂಕಿಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು. ಅದಕ್ಕೆ ತೆರೆದ ಆಕಾಶ ಬೇಕು. ತೋಟದ ನಡುವಿನ ಮನೆಗೆ ಅದೂ ಸುಲಭವಲ್ಲ. ಅದನ್ನು ನಂಬಿ ಮನೆ ಹಿಡಿಯಬೇಡಿ.

ಗುಡ್ಡೆಯ ಮೇಲೆ ನೆಂಟರದ್ದೋ ಮನೆಯ ಯಜಮಾನರದ್ದೋ ಇನ್ನೊಂದು ಮನೆ ಇದ್ದು, ಅಲ್ಲಿಗೆ ಕೇಬಲ್ ಲೈನ್ ಬಂದಿದ್ದರೆ ನಿಮ್ಮ ಅದೃಷ್ಟ. ಎರಡು ಮನೆಯ ನಡುವೆ ನೇರ ಕಣ್ಣಿಗೆ ಕಾಣಬೇಕು, ಅಷ್ಟೇ. ಇಂಟರ್ನೆಟ್ ದಾಟಿಸುವ 5 ಗಿಗಾಹರ್ಟ್ಸಿನ ಒಂದು ಜೋಡಿ ರೇಡಿಯೋವನ್ನು ಮನೆಗೊಂದರಂತೆ ಹಾಕಿದರೆ ಮೇಲಿನ ಇಂಟರ್ನೆಟ್ ಕೆಳಗೆ ಬರುತ್ತದೆ. ಇದಕ್ಕೆ ಲೈಸೆನ್ಸ್ ಬೇಡ. ದುಡ್ಡು ತಗೊಂಡು ಹಂಚುವಂತಿಲ್ಲ ಅನ್ನುವುದು ಮಾತ್ರ ನೆನಪಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮನ್ನು ಕಾಡುವುದು ಕರೆಂಟ್. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಮರುದಿನ ಬಂದರೂ ಬೇಗ ಬಂತು ಅಂತ ಖುಷಿಪಡುತ್ತೇವೆ. ಮನೆಗೆ ಇನ್ವರ್ಟರ್ ಇರಲಿ, ರೌಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಬೇರೆ ಇರಲಿ. ಆದರೆ ಟವರಿನ ಬ್ಯಾಟರಿ ಇಳಿದರೆ ನಿಮ್ಮ ಇನ್ವರ್ಟರ್ ಏನು ಮಾಡೀತು? ಅದಕ್ಕೇ ಅಕ್ಕಪಕ್ಕದ ಮನೆಯವರ ಹತ್ತಿರ ಕೇಳಬೇಕಾದ್ದು ವೇಗವನ್ನಲ್ಲ. ಕರೆಂಟ್ ಹೋದರೆ ಎಷ್ಟು ಹೊತ್ತು ರೇಂಜ್ ಇರುತ್ತದೆ ಅಂತ ಕೇಳಿ. ಈ ಉತ್ತರ ಯಾವ ಕಂಪನಿಯ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಇಲ್ಲಿಯೇ ಗಡಿ ನಮ್ಮ ಕೈಹಿಡಿಯುತ್ತದೆ. ಈಚೆಯ ಟವರಿಗೆ ಕರೆಂಟ್ ಕೊಡುವುದು ಕೆಎಸ್‌ಇಬಿ, ಆಚೆಯದಕ್ಕೆ ಮೆಸ್ಕಾಂ. ಎರಡೂ ಕಡೆ ಒಟ್ಟಿಗೆ ಹೋಗುವುದು ಅಪರೂಪ. ಎರಡು ಕಂಪನಿಯ ಸಿಮ್ ಇಟ್ಟುಕೊಂಡರೆ ಸಾಲದು, ಎಷ್ಟೋ ಕಡೆ ಎರಡು ಕಂಪನಿ ಒಂದೇ ಟವರಿನಲ್ಲಿ ಇರುತ್ತವೆ. ಕರೆಂಟ್ ಹೋದರೆ ಎರಡೂ ಹೋಗುತ್ತವೆ. ಒಂದು ಸಿಮ್ ಕೇರಳದ ಟವರಿಗೆ, ಇನ್ನೊಂದು ಕರ್ನಾಟಕದ ಟವರಿಗೆ ಸಿಗುವ ಹಾಗೆ ನೋಡಿಕೊಳ್ಳಿ. ಮೇಲೆ ಹೇಳಿದ ಸಂಖ್ಯೆಗಳು ಇದಕ್ಕೇ ಬೇಕಾಗಿರುವುದು.

ಇನ್ನು ಸಿಡಿಲು. ಏಪ್ರಿಲ್ ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್ ನವೆಂಬರಿನಲ್ಲಿ ಮಧ್ಯಾಹ್ನ ಕಳೆದ ಮೇಲೆ ಆಕಾಶ ನೋಡುತ್ತಾ ಇರಿ. ಎತ್ತರದ ಪೈಪಿನಲ್ಲಿ ಆ್ಯಂಟೆನಾ ಇಟ್ಟ ಮನೆಗೆ ಭಯ ಇನ್ನೂ ಜಾಸ್ತಿ. ಪೈಪಿಗೆ ಸರಿಯಾದ ಅರ್ತಿಂಗ್ ಮಾಡಿಸಿ. ಗುಡುಗು ದೂರದಲ್ಲಿ ಕೇಳುವಾಗಲೇ ರೌಟರಿನ ಪ್ಲಗ್ ಎಳೆಯಿರಿ, ಆ್ಯಂಟೆನಾದ ಕೇಬಲನ್ನೂ ಬಿಚ್ಚಿಡಿ. ಸಿಡಿಲು ಹತ್ತಿರ ಬಂದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ, ರೌಟರ್ ಹೋದರೆ ಹೋಗಲಿ. ಸಂಜೆಯ ಮೀಟಿಂಗುಗಳನ್ನು ಆ ತಿಂಗಳುಗಳಲ್ಲಿ ಬೆಳಿಗ್ಗೆಗೆ ಹಾಕಿಸಿಕೊಳ್ಳಲು ಆಗುತ್ತದಾ ಅಂತ ಆಫೀಸಿನಲ್ಲಿ ಈಗಲೇ ಕೇಳಿಡಿ.